ಮೊಣಕಾಲುದ್ದ ನೀರು

ಕಡಲತೀರದ ಮಹ್ದಿಯಾ ಊರಿನ ನಮ್ಮ ಓಣಿಯಲ್ಲಿ ಮನೆಯಲ್ಲೇ ಫೋಟೋ ಪ್ರಿಂಟ್ ಹಾಕಿಕೊಡುವವಳು ನಾನೊಬ್ಬಳೇ. ಪಕ್ಕದ ಮನೆಯ ಮಬ್ರೂಕಾ ಚಿಕ್ಕಮ್ಮನ ಮಗ ಲಸ್ಸಾದ್ ಮೀನು ಹಿಡಿಯಲು ಹೋದವನು ವಾಪಸಾಗಲಿಲ್ಲ, ಹೆಣವೂ ಸಿಗಲಿಲ್ಲ. ನಲವತ್ತನೆಯ ದಿನದ ಪ್ರಾರ್ಥನೆಗೆ ಅವನ ಫೋಟೋ ಬೇಕೆಂದು ಚಿಕ್ಕಮ್ಮ ಮಧ್ಯಾಹ್ನ ಬಂದರು. ಮೊಣಕಾಲುದ್ದದ ಸಮುದ್ರದ ನೀರಿನಲ್ಲಿ ನಿಂತು ಅವನು ನಗುತ್ತಿದ್ದ ಚಿತ್ರ.

ಮೊದಲ ಹಾಳೆಯ ತುಂಬ ಬಿಳಿ ಗೀರುಗಳು. ಪ್ರಿಂಟರಿನ ಹೆಡ್ಡಿನಲ್ಲಿ ನೀಲಿ ಶಾಯಿ ಕಟ್ಟಿಕೊಂಡಿತ್ತು. ಹೆಡ್ ಕ್ಲೀನ್ ಮಾಡಿ ಮತ್ತೆ ಹಾಕಿದೆ. ಗೀರು ಹೋಗಿತ್ತು, ಆದರೆ ನೀರು ಅವನ ಸೊಂಟಕ್ಕೆ ಬಂದಿತ್ತು.

"ಶಾಯಿ ಹರಡಿರ್ಬೇಕು ಚಿಕ್ಕಮ್ಮ," ಎಂದೆ. ಹೆಡ್ಡನ್ನು ಹೊರತೆಗೆದು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಪರೀಕ್ಷೆಯ ಹಾಳೆಯಲ್ಲಿ ಎಲ್ಲ ಬಣ್ಣವೂ ಸರಿಯಾಗಿ ಬಂತು. ಫೋಟೋದಲ್ಲಿ ಮಾತ್ರ ನೀರು ಗದ್ದಕ್ಕೇರಿತ್ತು, ಅವನು ನಗುತ್ತಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಇನ್ನೂ ಮೊಣಕಾಲುದ್ದವೇ ಇತ್ತು. ಆ ಜುಲೈ ಸೆಕೆಯಲ್ಲೂ ಹಾಳೆ ಹಿಡಿದ ನನ್ನ ಬೆರಳು ಮರಗಟ್ಟಿತು.

"ಇನ್ನೊಂದ್ಸಲ ಹಾಕ್ತೀನಿ."

"ಬೇಡ ಮಗಳೇ," ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು. "ಇನ್ನೊಂದ್ಸಲ ಹಾಕಿದ್ರೆ ಮುಳುಗಿಹೋಗ್ತಾನೆ."

ನಾನು ಪ್ಲಗ್ ಕಿತ್ತೆ. ಅವರು ಆ ಹಾಳೆಯನ್ನೇ ಎದೆಗೊತ್ತಿಕೊಂಡು ಹೋಗಿ ಗೋಡೆಗೆ ತೂಗುಹಾಕಿದರು.

ಅದಾಗಿ ಎರಡು ವರ್ಷವಾಯಿತು. ಚಿಕ್ಕಮ್ಮ ಆ ಫೋಟೋದ ಕೆಳಗೆ ಒಂದು ಬಟ್ಟೆ ಹಾಸಿ, ದಿನಾ ಬೆಳಗ್ಗೆ ಅದನ್ನು ಹಿಂಡುತ್ತಾರೆ. ಹಾಳೆ ಇನ್ನೂ ಒಣಗಿಲ್ಲ.