ಡಬ್ಬಿಯ ತೂಕ

“ಅಮ್ಮಾ, ನಿಮ್ಮ ನಿದ್ರೆ ಮಾತ್ರೆ ನಮ್ಮಲ್ಲಿ ಇನ್ನೂ ಅಗ್ಗ.”

ಯಾರೋ ಅಪರಿಚಿತ ಫೋನ್ ಮಾಡಿ ಹೀಗೆಂದಾಗ ಆ ಮುದುಕಿ ಬೆಚ್ಚಿಬಿದ್ದಳು. ಆಕೆ ನಿದ್ರೆ ಮಾತ್ರೆ ನುಂಗುವುದು ಸ್ವಂತ ಮಗಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ವೈದ್ಯರಿಗೆ, ಮತ್ತು ಮನೆಗೆ ಔಷಧ ತಲುಪಿಸುವ ಒಂದು ಸಣ್ಣ ಕಂಪನಿಗೆ. ಮಧ್ಯಾಹ್ನದ ಹೊತ್ತಿಗೆ ಆ ಕಂಪನಿಗೆ ಇಂಥ ದೂರುಗಳು ಮೇಲಿಂದ ಮೇಲೆ ಬಂದವು. ಗಿರಾಕಿಗಳ ಕಾಯಿಲೆ ಕಸಾಲೆಯೆಲ್ಲ ಎದುರಾಳಿ ಕಂಪನಿಯ ಕೈ ಸೇರಿತ್ತು.

ಮರುದಿನ ನನ್ನ ಅತ್ತಿಗೆಗೆ ಕರೆ ಬಂತು. ಕಂಪ್ಯೂಟರಿನೊಳಗಿನ ಕಳವು ಪತ್ತೆ ಮಾಡುವುದು ಅತ್ತಿಗೆಯ ಕಸುಬು. ಅವರ ಕಾರು ಓಡಿಸುವುದು, ವರದಿ ಬರೆಯುವುದು, ನಡುನಡುವೆ ಬೈಸಿಕೊಳ್ಳುವುದು ನನ್ನ ಕಸುಬು.

ಕಂಪನಿಯ ಒಡತಿ ಮೊದಲು ಔಷಧದಂಗಡಿ ಇಟ್ಟಿದ್ದವರು. ಬಾಗಿಲಲ್ಲೇ ಶುರು ಮಾಡಿದರು.

“ಹುಡುಕೋದೇನಿಲ್ಲ, ಕಳ್ಳಿ ಸಿಕ್ಕಿದಾಳೆ. ಇಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್. ಗಿರಾಕಿಗಳ ವಿವರ ಇರೋ ಡೇಟಾಬೇಸ್ ತೆಗೆದಿರೋದು ಅವಳ ಪಾಸ್‌ವರ್ಡಿಂದ. ನೀವು ಒಂದು ಮಾತು ಬರ್ಕೊಟ್ರೆ ಸಂಜೆ ಪೊಲೀಸರಿಗೆ ಒಪ್ಪಿಸ್ತೀನಿ.”

“ಬರೆಯೋನು ಇವನು. ನಾನು ನೋಡದೆ ಇವನು ಬರೆಯಲ್ಲ” ಎಂದರು ಅತ್ತಿಗೆ.

ಒಳಗಿನ ಕೋಣೆಯಲ್ಲಿ ಮೂರು ಮೇಜುಗಳು. ಕಿಟಕಿಯ ಪಕ್ಕ ಸರ್ವರುಗಳನ್ನು ನೋಡಿಕೊಳ್ಳುವವನು. ಅವನನ್ನು ಕಾವಲುಗಾರ ಎನ್ನುತ್ತಿದ್ದರು. ನಡುವಿನ ಮೇಜು ಪ್ರೋಗ್ರಾಮು ಬರೆಯುವವರ ಮುಖ್ಯಸ್ಥನದು, ಎಲ್ಲರಿಗಿಂತ ಹಿರಿಯ. ಅಡ್ಡಹೆಸರು ಜಿಪುಣ. ಮೂಲೆಯಲ್ಲಿ ಆಪಾದಿತ ಹುಡುಗಿ, ಕಣ್ಣು ಊದಿಕೊಂಡಿತ್ತು. ಅವಳಿಗೆ ಕೆಲಸ ಕಲಿಸಿದ ಜಿಪುಣ ‘ಮರಿ’ ಎಂದು ಕರೆಯುತ್ತಿದ್ದ, ಅದೇ ಹೆಸರು ನಿಂತಿತ್ತು. ಅವಳು ಅವನನ್ನು ಬಾಯ್ತುಂಬ ‘ಅಣ್ಣ’ ಎನ್ನುತ್ತಿದ್ದಳು.

“ಎಲ್ಲರೂ ಡಬ್ಬಿ ಡಬ್ಬಿ ಅಂತಿದೀರಲ್ಲ, ಏನದು?” ನಾನು ಕೇಳಿದೆ.

“ಕಂಟೇನರ್ ಸಾರ್” ಎಂದ ಕಾವಲುಗಾರ. “ಪ್ರೋಗ್ರಾಮು, ಅದಕ್ಕೆ ಬೇಕಾದ ಸಾಮಾನು, ಎಲ್ಲಾ ಒಂದರೊಳಗೆ ತುಂಬಿ ಕಟ್ಟೋದು. ಯಾವ ಸರ್ವರಲ್ಲಿ ಇಟ್ರೂ ಹಾಗೇ ಓಡುತ್ತೆ. ನಂದು, ಮರಿದು ಆನೆ ಗಾತ್ರದ ಡಬ್ಬಿ. ಇವರದು ಬೆಂಕಿಪೊಟ್ಟಣ! ಅದಕ್ಕೇ ಜಿಪುಣ ಅನ್ನೋದು.”

ಜಿಪುಣ ನಕ್ಕ. “ಮನೆ ಬದಲಾಯಿಸುವಾಗ ಕಸಾನೂ ಕಟ್ಕೊಂಡು ಹೋಗ್ತಾರಾ? ಒಂದು ಡಬ್ಬೀಲಿ ಕೆಲಸ ಮುಗಿಸಿ, ಬೇಕಾದ್ದನ್ನಷ್ಟೇ ಹೊಸ ಡಬ್ಬಿಗೆ ಹಾಕ್ತೀನಿ.”

ಅತ್ತಿಗೆ ಹುಡುಗಿಯ ಎದುರು ಕುರ್ಚಿ ಎಳೆದು ಕೂತರು.

“ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟಿದ್ದೆಯಾ?”

“ಇಲ್ಲ.”

“ಎಲ್ಲಾದ್ರೂ ಬಿಟ್ಟಿದ್ದೆಯಾ?”

“ಒಂದ್ಸಲ ಡಬ್ಬಿ ಕಟ್ಟುವಾಗ ಒಂದು ದೊಡ್ಡ ಫೋಲ್ಡರ್ ತಪ್ಪಿ ಒಳಗೆ ಸೇರ್ಕೊಂಡಿತ್ತು. ಅದರಲ್ಲಿ ನನ್ನ ಪಾಸ್‌ವರ್ಡೂ ಇತ್ತು. ಗೊತ್ತಾದ ಕೂಡ್ಲೇ ಡಬ್ಬಿ ಕಟ್ಟೋ ಸೂಚನೆಗಳ ಕೊನೇಲಿ ಫೋಲ್ಡರ್ ಅಳಿಸೋಕೆ ಒಂದು ಸಾಲು ಸೇರಿಸಿ ಮತ್ತೆ ಕಟ್ಟಿದೆ.”

“ಪಾಸ್‌ವರ್ಡ್ ಬದಲಾಯಿಸಲಿಲ್ವಾ?”

“ಅದಕ್ಕೆ ಮೇಡಂನ ಕೇಳ್ಬೇಕು. ಅಳಿಸಿದ್ರೆ ಸಾಕು ಅಂತ—” ಅವಳು ತಡೆದಳು. “ಅಂತ ನಾನೇ ಅಂದ್ಕೊಂಡೆ.”

“ನೋಡಿದ್ರಾ?” ಒಡತಿ ಸಿಡುಕಿದರು. “ಇದನ್ನೂ ನನ್ನಿಂದ ಮುಚ್ಚಿಟ್ಟಿದಾಳೆ!”

ಜಿಪುಣ ಎದ್ದು ಬಂದ. “ಹೋಗ್ಲಿ ಬಿಡಿ ಮೇಡಂ. ಪಾಪ, ಮಗು. ಏನೋ ಆಸೆಗೆ ಬಿದ್ದಿದೆ. ಪೊಲೀಸ್ ಬೇಡ, ಕೆಲಸದಿಂದ ತೆಗೆದ್ರೆ ಸಾಲದಾ?”

ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಅತ್ತಿಗೆ ಕಾವಲುಗಾರನ ಕಡೆ ತಿರುಗಿದರು. “ಆ ಪಾಸ್‌ವರ್ಡ್ ಈಗಲೂ ಆ ಡಬ್ಬೀಲಿ ಇರಬಹುದಾ?”

“ಅಳಿಸಿದಾಳಲ್ಲ, ಎಲ್ಲಿಂದ ಬರುತ್ತೆ? ಅದು ಅಲ್ಲಿತ್ತು ಅನ್ನೋದೇ ನನಗೆ ಈಗ ಗೊತ್ತಾಗಿದ್ದು.”

“ನೀವೇನಂತೀರಿ?” ಪ್ರಶ್ನೆ ಜಿಪುಣನಿಗೆ.

ಅವನು ಕನ್ನಡಕ ಒರೆಸಿಕೊಂಡ. “ಅಳಿಸಿದ್ಮೇಲೆ ಮುಗೀತಲ್ಲ. ಇರಲ್ಲ.”

ಅತ್ತಿಗೆ ಹುಡುಗಿಯ ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡು ನನ್ನನ್ನು ಕರೆದರು. “ಇದು ಅಳಿಸೋ ಮುಂಚಿನ ಡಬ್ಬಿ, ಇದು ಅಳಿಸಿದ ಮೇಲಿನದು. ಯಾವುದು ಹಗುರ?”

“ಎರಡರ ಗಾತ್ರವೂ ಅಷ್ಟೇ ಇದೆಯಲ್ಲ!”

“ಅಷ್ಟು ದೊಡ್ಡ ಫೋಲ್ಡರ್ ಹೋಗಿದ್ರೆ ತೂಕ ಇಳೀಬೇಕಿತ್ತು. ಇಳಿದಿಲ್ಲ ಯಾಕೆ? ಡಬ್ಬಿ ಕಟ್ಟೋದು ಪದರದ ಮೇಲೆ ಪದರ ಇಟ್ಟು. ಅಳಿಸೋ ಸಾಲು ಮೇಲೊಂದು ಹೊದಿಕೆ ಹೊದಿಸುತ್ತೆ, ಅಷ್ಟೇ. ಕೆಳಗಿನದು ಇದ್ದ ಹಾಗೇ ಇರುತ್ತೆ. ಹೊದಿಕೆ ಎತ್ತಿದ್ರೆ—”

ಅವರು ಏನೋ ಒತ್ತಿದರು. ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅದು ಅವಳ ಪಾಸ್‌ವರ್ಡ್.

ಕಾವಲುಗಾರ ಕಣ್ಣು ಕಣ್ಣು ಬಿಟ್ಟ. ಜಿಪುಣ ಮಾತ್ರ ಪರದೆಯನ್ನು ನೋಡಲೇ ಇಲ್ಲ.

“ಕಳ್ಳ ಕೈಹಾಕಿದ್ದು ಇಲ್ಲಿಗೆ” ಎಂದರು ಅತ್ತಿಗೆ. “ಅವನಿಗೆ ಎರಡು ವಿಷಯ ಗೊತ್ತಿರ್ಬೇಕು. ಪಾಸ್‌ವರ್ಡ್ ಇಲ್ಲಿತ್ತು ಅಂತ ಒಂದು. ಅಳಿಸಿದ್ರೂ ಹೋಗಲ್ಲ ಅಂತ ಇನ್ನೊಂದು. ಮರಿ, ಅಳಿಸಿದ್ರೆ ಸಾಕು ಅಂತ ನಿನಗೆ ಹೇಳಿದ್ದು ಯಾರು?”

“ಯಾರೂ ಇಲ್ಲ!”

“ಜೈಲಿಗೆ ಹೋಗೋಳು ನೀನು. ಯಾರನ್ನ ಕಾಪಾಡ್ತಿದೀಯ?”

ಹುಡುಗಿ ತಲೆ ತಗ್ಗಿಸಿದಳು. ಅತ್ತಿಗೆ ನಡುವಿನ ಮೇಜಿನತ್ತ ನೋಡಿದರು.

“ನೀವು ಹೇಳಿ. ನಿಮ್ಮ ಡಬ್ಬಿ ಯಾಕೆ ಬೆಂಕಿಪೊಟ್ಟಣ? ಅಳಿಸಿದ್ರೆ ತೂಕ ಇಳಿಯಲ್ಲ ಅಂತ ಈ ಕೋಣೇಲಿ ಗೊತ್ತಿರೋದು ನಿಮಗೊಬ್ಬರಿಗೇ. ಅದಕ್ಕೇ ನೀವು ಅಳಿಸೋಕೇ ಹೋಗಲ್ಲ, ಬೇಡದ್ದನ್ನ ಹೊಸ ಡಬ್ಬಿಗೆ ತರೋದೇ ಇಲ್ಲ. ಅಂಥವರು ಈಗಷ್ಟೇ ಏನಂದ್ರಿ? ಅಳಿಸಿದ್ಮೇಲೆ ಮುಗೀತು! ನನಗೆ ಹೇಳಿದ ಸುಳ್ಳನ್ನೇ ಅವತ್ತು ಇವಳಿಗೂ ಹೇಳಿದ್ರಿ. ಇವಳ ತಲೆ ಮೇಲೆ ಗೂಬೆ ಕೂರಿಸಿ, ಈಗ ಪೊಲೀಸ್ ಬೇಡ ಅಂತ ದಯೆ ಬೇರೆ. ಪೊಲೀಸ್ ಬಂದ್ರೆ ಡಬ್ಬಿ ಬಿಚ್ಚಿ ನೋಡ್ತಾರಲ್ಲ!”

“ಇಲ್ಲ, ಅಣ್ಣಂಗೆ ಮರೆತುಹೋಗಿರ್ಬೇಕು…” ಹುಡುಗಿ ಎದ್ದು ನಿಂತಳು. “ಅಲ್ವಾ ಅಣ್ಣ? ಹೇಳಿ!”

ಜಿಪುಣನ ನಗು ಅಳಿಸಿಹೋಗಿತ್ತು. ಅವನು ಮಾತಾಡಿದ್ದು ಒಡತಿಯೊಂದಿಗೆ.

“ಬರೋ ತಿಂಗಳಿಂದ ಇವಳೇ ಮುಖ್ಯಸ್ಥೆ ಅಂದ್ರಲ್ಲ ಮೇಡಂ. ಅಆಇಈ ಕಲಿಸಿದ ನಾನು ಇವಳ ಕೈಕೆಳಗೆ ಕೂರ್ಬೇಕಿತ್ತಾ? ಎದುರಾಳಿ ಕಂಪನಿಯವರು ಕರೆದ್ರು. ಬರಿಗೈಲಿ ಬರ್ಬೇಡ ಅಂದ್ರು.”

“ಉಂಡ ಮನೆಗೆ ಎರಡು ಬಗೆದೆಯಲ್ಲೋ!” ಒಡತಿ ಕುಸಿದು ಕೂತರು. “ಅವಳನ್ನ ಮುಖ್ಯಸ್ಥೆ ಮಾಡಿ ಅಂತ ನನ್ನ ಹತ್ರ ಮೊದಲು ಹೇಳಿದ್ದೇ ನೀನು!”

“ಬಾಯ್ಮಾತಿಗೆ ಹೇಳಿದ್ದೆ. ನೀವು ಹೂಂ ಅಂತೀರಿ ಅಂದ್ಕೊಂಡಿರಲಿಲ್ಲ.”

ನನಗೆ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಅತ್ತಿಗೆ ಕಣ್ಣಲ್ಲೇ ಗದರಿಸಿದರು.

ಹುಡುಗಿ ಕೂಗಾಡಲಿಲ್ಲ, ಅಳಲೂ ಇಲ್ಲ. ಅವನ ಮೇಜಿನ ಹತ್ತಿರ ಹೋಗಿ ನಿಂತಳು. ಕೆಲಸದಲ್ಲಿ ಏನಾದರೂ ತಿಳಿಯದಿದ್ದಾಗ ಹಾಗೇ ಹೋಗಿ ನಿಲ್ಲುತ್ತಿದ್ದಳೆಂದು ಕಾವಲುಗಾರ ಆಮೇಲೆ ನನಗೆ ಹೇಳಿದ.

“ನಿಮ್ಮ ಹೆಸರು ಬಂದ್ರೆ ನಿಮ್ಮ ಕೆಲಸಾನೂ ಹೋಗುತ್ತೆ ಅಂತ ಸುಮ್ಮನಿದ್ದೆ ಅಣ್ಣ” ಎಂದಳು. “ನನಗೆ ಬರೋದೆಲ್ಲಾ ನೀವು ಕಲಿಸಿದ್ದೇ. ಅದರಲ್ಲಿ ಇನ್ನೂ ಯಾವ್ಯಾವುದು ಸುಳ್ಳು? ಅದೊಂದು ಹೇಳಿ ಹೋಗಿ.”

ಅವನು ಬಾಯಿ ತೆರೆದ. ಏನು ಹೇಳಿದರೂ ಅವಳು ನಂಬುವಂತಿರಲಿಲ್ಲ. ಅದು ಅವನಿಗೂ ಹೊಳೆದಿರಬೇಕು, ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದ.

ಪೊಲೀಸರು ಅವನನ್ನು ಕರೆದೊಯ್ದ ಮೇಲೆ ನಾನು ವರದಿ ಮುಗಿಸಿದೆ. ಒಡತಿ ಹುಡುಗಿಯ ಕೈ ಹಿಡಿದು, “ತಪ್ಪಾಯ್ತು ಕಣಮ್ಮಾ, ಮನೆಗೆ ಹೋಗು, ನಾಳೆ ಬಾ” ಎಂದರು. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ನಾವು ಹೊರಟಾಗ ಅವಳು, ಅಣ್ಣ ಪಕ್ಕದಲ್ಲಿ ಕೂತು ಕಲಿಸಿದ ಮೊದಲ ಡಬ್ಬಿಯನ್ನು ಬಿಚ್ಚಿ, ಒಂದೊಂದೇ ಪದರ ಎತ್ತಿ ನೋಡುತ್ತಿದ್ದಳು.