ಕುರ್ಚಿ ತಿರುಗಿಸಿದ ದಿನ

"ರೀ... ನಿಮ್ಮನ್ನೇ! ಸ್ವಲ್ಪ ನಿಲ್ಲಿ!"

ಆತ ನಿಲ್ಲಲಿಲ್ಲ.

ಕಾರ್ಖಾನೆಯ ಉದ್ದನೆಯ ಕಾರಿಡಾರಿನಲ್ಲಿ ಅವಳು ಕೈಯಲ್ಲಿ ಪಟ್ಟಿ ಹಿಡಿದುಕೊಂಡು ಹೆಚ್ಚುಕಡಿಮೆ ಓಡುತ್ತಿದ್ದಳು. ಕೆಲಸಕ್ಕೆ ಸೇರಿ ಅಂದಿಗೆ ನಾಲ್ಕೇ ದಿನ. ಕಾರ್ಮಿಕರ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. ತಗಡು ಒತ್ತುವ ಪ್ರೆಸ್ ವಿಭಾಗದವರೆಲ್ಲ ಬಂದು ಹೋಗಿದ್ದರು, ಈತನೊಬ್ಬ ಬಾಕಿ.

ಎರಡನೇ ಸಲ ಕರೆದಳು. ಮೂರನೇ ಸಲವೂ ಕರೆದಳು. ಆ ಅಗಲವಾದ ಬೆನ್ನು ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು.

'ಎಷ್ಟು ಕೊಬ್ಬು ಇವನಿಗೆ!'

ಓಡಿಹೋಗಿ ಎದುರಿಗೆ ಅಡ್ಡ ನಿಂತಳು. ಆತ ಗಕ್ಕನೆ ನಿಂತ. ನಿಂತವನು ಅವಳನ್ನು ನೋಡಿದ... ಹೇಗೆ ನೋಡಿದ ಅಂದರೆ, ಬಾಯಿಗೆ ಬಂದಿದ್ದ ಬೈಗುಳವನ್ನು ಅವಳು ಹಾಗೇ ನುಂಗಿಕೊಂಡಳು. ಅಷ್ಟು ಗಮನವಿಟ್ಟು ಯಾರೂ ಯಾವತ್ತೂ ಅವಳ ಮುಖ ನೋಡಿರಲಿಲ್ಲ.

"ಹೇಳಿ ಮೇಡಂ," ಎಂದು ನಕ್ಕ.

ಜೊತೆಯವರು ಅವನಿಗೆ ಇಟ್ಟಿದ್ದ ಅಡ್ಡಹೆಸರು ಸಾಹುಕಾರ. ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲವಲ್ಲ, ಅದಕ್ಕೆ. ಅವಳಿಗೂ ನಾಲ್ಕೇ ದಿನದಲ್ಲಿ ಒಂದು ಹೆಸರು ಅಂಟಿಕೊಂಡಿತ್ತು. ಬೀಪಮ್ಮ. ದಿನವಿಡೀ ಬೀಪ್ ಬೀಪ್ ಸದ್ದು ಕೇಳಿಸುವವಳನ್ನು ಇನ್ನೇನು ಅಂತ ಕರೆಯುತ್ತಾರೆ, ಪಾಪ!

ಪರೀಕ್ಷೆಯ ಕೋಣೆ ಎಂದರೆ ಕೋಣೆಯೊಳಗೊಂದು ಪುಟ್ಟ ಕೋಣೆ. ಗೋಡೆಗೆಲ್ಲ ಸ್ಪಂಜು, ಮಧ್ಯೆ ದಪ್ಪ ಗಾಜಿನ ಕಿಟಕಿ. ಒಳಗೆ ಕೂತವರು ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿಸಿದಾಗಲೆಲ್ಲ ಕೈಯಲ್ಲಿರುವ ಬಟನ್ ಒತ್ತಬೇಕು. ಹೊರಗೆ ಕೂತವಳು ಸದ್ದನ್ನು ಸಣ್ಣ ಮಾಡುತ್ತಾ ಹೋಗಬೇಕು. ಒಳಗಿನ ಕುರ್ಚಿ ಗೋಡೆಯ ಕಡೆಗೇ ಇರಬೇಕು ಎಂಬುದು ನಿಯಮ.

"ಮೇಡಂ, ಗೋಡೆ ನೋಡ್ಕೊಂಡು ಕೂತ್ರೆ ನಂಗೆ ಉಸಿರು ಕಟ್ಟಿದ ಹಾಗಾಗುತ್ತೆ. ಕುರ್ಚಿ ಈ ಕಡೆ ತಿರುಗಿಸ್ಕೊಳ್ಲಾ?"

ಬೇಡ ಅನ್ನಬೇಕಿತ್ತು. ಅವಳು, "ಹೂಂ, ತಿರುಗಿಸ್ಕೊಳ್ಳಿ," ಅಂದುಬಿಟ್ಟಳು.

ಡೊಳ್ಳಿನಂಥ ದಪ್ಪ ಸದ್ದು, ಶಿಳ್ಳೆಯಂಥ ತೆಳು ಸದ್ದು, ಇದ್ದೂ ಇಲ್ಲದಂಥ ಸದ್ದು... ಆತ ಒಂದನ್ನೂ ಬಿಡಲಿಲ್ಲ. ಗ್ರಾಫಿನ ಗೆರೆ ಮೇಲ್ಗಡೆಯೇ ಚಂದವಾಗಿ ಸಾಗಿತು.

"ಕಿವಿ ಎರಡೂ ಚೆನ್ನಾಗಿವೆ," ಎಂದಳು ಸಹಿ ಹಾಕುತ್ತಾ. "ಅಂದ್ರೆ ಕರೆದ್ರೂ ತಿರುಗದೇ ಹೋಗಿದ್ದು ಕಿವಿ ದೋಷ ಅಲ್ಲ, ಬುದ್ಧಿ ದೋಷ!"

"ಇನ್ಮೇಲೆ ಎದುರಿಗೆ ಬಂದು ಕರೀರಿ ಮೇಡಂ. ಎಲ್ಲಿದ್ರೂ ಓಡಿ ಬರ್ತೀನಿ."

ಅಲ್ಲಿಗೆ ನಮ್ಮ ಬೀಪಮ್ಮನ ಕಥೆ ಮುಗಿದಂತೆಯೇ ಆಯಿತು!

ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಮೂಲೆಯ ಮೇಜು ಇಬ್ಬರಿಗೂ ಖಾಯಂ ಆಯಿತು. ಆತ ಪಕ್ಕದಲ್ಲಿ ಕೂರುತ್ತಿರಲಿಲ್ಲ, ಯಾವಾಗಲೂ ಎದುರಿಗೇ. ಅವಳು ಮಾತಾಡುವಾಗ ತುತ್ತು ಕೂಡ ಮರೆತು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಮನೆಗೆ ಹೋಗಿ ಅತ್ತಿಗೆಯ ಬಳಿ ಎಲ್ಲ ಹೇಳಿಕೊಂಡಳು.

"ಪುಣ್ಯ ಮಾಡಿದೀಯ ಕಣೇ," ಎಂದಳು ಅತ್ತಿಗೆ. "ನಿಮ್ಮಣ್ಣ ನನ್ನ ಮುಖ ನೆಟ್ಟಗೆ ನೋಡಿದ್ದು ಮದುವೆ ಫೋಟೋದಲ್ಲಿ ಮಾತ್ರ. ಅದೂ ಫೋಟೋದವನು ಬೈದ ಮೇಲೆ!"

ಬೇಜಾರುಗಳೂ ಇದ್ದವು, ಇಲ್ಲ ಅಂತಲ್ಲ. ಆತ ಫೋನ್ ಎತ್ತುತ್ತಿರಲಿಲ್ಲ, ಬರೀ ಮೆಸೇಜು. ನಾಲ್ಕು ಜನ ಸೇರಿದ ಕಡೆ ಮಾತೇ ಇಲ್ಲ, ಎಲ್ಲದಕ್ಕೂ "ಹೂಂ" ಎಂದು ನಗುವುದೊಂದೇ. ದಾರಿಯಲ್ಲಿ ನಡೆಯುತ್ತಾ ಅವಳು ಮನಸ್ಸು ಬಿಚ್ಚಿ ಹೇಳಿದ ಮಾತಿಗೂ ಅದೇ "ಹೂಂ". 'ಸಂಕೋಚದ ಸ್ವಭಾವ' ಎಂದುಕೊಂಡಳು. ಬೇರೆಯವರಲ್ಲಾದರೆ ಈ ಲಕ್ಷಣಗಳನ್ನು ಅರ್ಧ ಗಂಟೆಯಲ್ಲಿ ಹಿಡಿಯುತ್ತಿದ್ದಳು. ಆದರೆ ಈತನ ಕಿವಿ ಚೆನ್ನಾಗಿದೆ ಎಂದು ಸಹಿ ಹಾಕಿದವಳು ಅವಳೇ ತಾನೇ?

ಆರು ತಿಂಗಳಿಗೊಮ್ಮೆ ಪರೀಕ್ಷೆ ಬರುತ್ತಿತ್ತು. ಎರಡನೆಯ ಸಲದಿಂದ ಆತ ಕೇಳುವ ಮೊದಲೇ ಅವಳೇ ಕುರ್ಚಿಯನ್ನು ತನ್ನ ಕಡೆ ತಿರುಗಿಸಿ ಇಡತೊಡಗಿದಳು. ಹೀಗೆ ಎರಡು ವರ್ಷ, ನಾಲ್ಕು ಪರೀಕ್ಷೆ. ನಾಲ್ಕೂ ಸಲ ಗೆರೆ ಮೇಲೆಯೇ ಇತ್ತು.

ಐದನೆಯ ಸಲ ತಪಾಸಣೆಗೆಂದು ಹಿರಿಯ ಡಾಕ್ಟರಮ್ಮ ಬಂದು ಅವಳ ಬೆನ್ನ ಹಿಂದೆ ಕೂತಿದ್ದರು. ಐದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಮೆಲ್ಲಗೆ ಅವಳ ಭುಜ ಮುಟ್ಟಿದರು.

"ಮಗಳೇ... ಪ್ರತಿ ಸಲ ಸದ್ದು ಕೊಟ್ಟ ತಕ್ಷಣ ನೀನು ತಲೆ ಎತ್ತಿ ಆ ಹುಡುಗನ್ನ ನೋಡ್ತೀಯಲ್ಲ, ಯಾಕಮ್ಮ?"

ಅವಳ ಕೆನ್ನೆ ಕೆಂಪಾಯಿತು. "ಹಾಗೇನಿಲ್ಲ ಮೇಡಂ..."

"ಅವನು ನಿನ್ನ ಕಣ್ಣು ನೋಡಿ ಬಟನ್ ಒತ್ತುತ್ತಿದಾನೆ. ಹೋಗು, ಕುರ್ಚಿ ತಿರುಗಿಸು."

ಒಳಗೆ ಹೋಗಿ ಕುರ್ಚಿ ತಿರುಗಿಸುವಾಗ ಆತನ ಮುಖದಲ್ಲಿ ರಕ್ತವೇ ಇರಲಿಲ್ಲ. ಗೋಡೆಗೆ ಮುಖ ಮಾಡಿ ಕೂತ.

ದಪ್ಪ ಸದ್ದುಗಳಿಗೆ ಬಟನ್ ಒತ್ತಿದ. ಸದ್ದು ತೆಳುವಾಗುತ್ತಾ ಹೋದಂತೆ... ಒಂದೂ ಇಲ್ಲ. ಅವಳು ಸದ್ದನ್ನು ಏರಿಸಿದಳು. ಇನ್ನೂ ಏರಿಸಿದಳು. ದೇವರೇ, ಒತ್ತು! ಒಂದು ಸಲ ಒತ್ತು! ಗಾಜಿನಾಚೆ ಆ ಅಗಲವಾದ ಬೆನ್ನು ಕಾಯುತ್ತಾ ಕೂತಿತ್ತು. ಗ್ರಾಫಿನ ಗೆರೆ ಬಲಗಡೆಗೆ ಬರುತ್ತಾ ಬರುತ್ತಾ ಬುಡಕ್ಕೆ ಇಳಿದುಹೋಯಿತು.

ಡಾಕ್ಟರಮ್ಮ ಎದ್ದು ಹೊರಗೆ ಹೋದರು. ಅವರಿಗೆ ಎಲ್ಲ ಅರ್ಥವಾಗಿತ್ತು. ಆತ ಒಳಗಿನಿಂದ ಬಂದು ಅವಳ ಎದುರಿಗೆ ನಿಂತ.

"ಮೊದಲಿನಿಂದಲೂ ಕೇಳ್ತಿರಲಿಲ್ವಾ?" ಎಂದಳು ಅವಳು.

"ತೆಳು ಸದ್ದು ಕೇಳ್ತಿರಲಿಲ್ಲ. ಮಾತಾಡೋದು ಕೇಳುತ್ತೆ, ಏನು ಮಾತು ಅಂತ ಗೊತ್ತಾಗಲ್ಲ. ಸುಮ್ನೆ ಕೂತ್ರೆ ಕಿವಿಯೊಳಗೆ ಯಾವಾಗ್ಲೂ ಒಂದು ಶಿಳ್ಳೆ."

"ಇಯರ್ ಪ್ಲಗ್ ಹಾಕ್ತಿರಲಿಲ್ವಾ?"

"ಹಾಕಿದ್ರೆ ಮಷಿನ್ ಎಲ್ಲಿ ಕೆಡ್ತಿದೆ ಅಂತ ತಿಳಿಯಲ್ಲ ಮೇಡಂ. ಸದ್ದಲ್ಲೇ ಗೊತ್ತಾಗ್ಬೇಕು ಅದು." ಆತ ತಲೆ ತಗ್ಗಿಸಿದ. "ನಮ್ಮಪ್ಪನೂ ಪ್ರೆಸ್ಸಲ್ಲೇ ಇದ್ದದ್ದು. ಕಿವಿ ಹೋದ ಮೇಲೆ ಮನೇಲಿ ಎಲ್ರೂ ಕಿರುಚೋರು. ಕೆಪ್ಪ ಅನ್ನೋರು. ಅಪ್ಪ ಮಾತಾಡೋದೇ ಬಿಟ್ಟ. ನಾನು ಹಾಗಾಗಬಾರದು ಅಂತ... ಇವತ್ತಿನವರೆಗೂ ನಂಗೆ ಕೇಳಲಿಲ್ಲ ಅಂತ ಯಾರ ಹತ್ರಾನೂ ಒಂದು ಮಾತು ಆಡಿಲ್ಲ."

ಆದರೆ ಅವಳ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಕ್ಯಾಂಟೀನಿನ ಮೇಜು... ಎದುರಿನ ಕುರ್ಚಿ... ತುತ್ತು ಮರೆತು ತನ್ನ ಮುಖವನ್ನೇ ನೋಡುತ್ತಿದ್ದ ಆ ಕಣ್ಣು...

"ನೀವು ನೋಡ್ತಿದ್ದದ್ದು ನನ್ನನ್ನಲ್ಲ," ಎಂದಳು. "ತುಟಿ ನೋಡ್ತಿದ್ರಿ, ಮಾತು ತಿಳಿಯೋಕೆ. ಕಣ್ಣು ನೋಡ್ತಿದ್ರಿ, ಬಟನ್ ಒತ್ತೋಕೆ. ನಾನು ಹುಚ್ಚಿ... ಇದನ್ನೇ ಪ್ರೀತಿ ಅಂದ್ಕೊಂಡೆ!"

"ಮೊದಲ ಸಲ ಅದಕ್ಕೇ. ಸುಳ್ಳು ಹೇಳಲ್ಲ. ಆಮೇಲೆ..."

ಅವಳು ಕೇಳಲು ನಿಲ್ಲಲಿಲ್ಲ. ಬಾಗಿಲ ಕಡೆ ತಿರುಗಿ, ಅಳುತ್ತಾ ಅವಳು ಅಂದ ಕೊನೆಯ ಮಾತು ಆತನಿಗೆ ಕೇಳಿಸಲೂ ಇಲ್ಲ.

ಆ ಮಧ್ಯಾಹ್ನವೇ ಅವಳು ವರದಿ ಬರೆದಳು. ಹಿಂದಿನ ನಾಲ್ಕು ಪರೀಕ್ಷೆಗಳೂ ಸರಿಯಿಲ್ಲ, ಕುರ್ಚಿ ತಿರುಗಿಸಿದ್ದು ತನ್ನ ತಪ್ಪು ಎಂದು ಸ್ಪಷ್ಟವಾಗಿ ಬರೆದಳು. ಡಾಕ್ಟರಮ್ಮ ಓದಿ, ನಿಟ್ಟುಸಿರು ಬಿಟ್ಟು, ಎಚ್ಚರಿಕೆಯ ಪತ್ರ ಕೊಟ್ಟರು. ಮರುದಿನವೇ ಆತನನ್ನು ಪ್ರೆಸ್ಸಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಗದ್ದಲವಿಲ್ಲದ ಜಾಗದಲ್ಲಿ ಮೂರು ವಾರ ಇದ್ದು, ಮತ್ತೊಮ್ಮೆ ಪರೀಕ್ಷೆಗೆ ಬರಬೇಕು ಎಂದಾಯಿತು.

ಆ ಮೂರು ವಾರ ಅವಳು ಪಟ್ಟ ಪಾಡು ಯಾರಿಗೂ ಬೇಡ.

ಕೋಪ ಎರಡೇ ದಿನಕ್ಕೆ ಇಳಿಯಿತು. ಉಳಿದದ್ದು ಲೆಕ್ಕಾಚಾರ. ಕಿವಿಯೊಳಗೆ ಕೂದಲೆಳೆಗಿಂತ ನವಿರಾದ ಜೀವಕೋಶಗಳಿರುತ್ತವೆ. ಗದ್ದಲಕ್ಕೆ ಅವು ಒಂದೊಂದಾಗಿ ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಈ ಪಾಠವನ್ನು ಅವಳು ಸಾವಿರ ಜನರಿಗೆ ಹೇಳಿದ್ದಳು. ಎರಡು ವರ್ಷದ ಹಿಂದೆಯೇ ಗೊತ್ತಾಗಿದ್ದರೆ ಆತನನ್ನು ಆಗಲೇ ಪ್ರೆಸ್ಸಿನಿಂದ ಬಿಡಿಸಬಹುದಿತ್ತು. ಒಂದಷ್ಟು ಉಳಿಯುತ್ತಿತ್ತು. ಉಳಿಸಬೇಕಾದವಳು ತಲೆ ಎತ್ತಿ ಮುಖ ನೋಡುತ್ತಾ ಕೂತಿದ್ದಳು!

ಆತನಿಗೆ ಫೋನ್ ಮಾಡಲು ಹೋಗಿ ಕೈ ಹಿಂದೆಗೆದಳು. ಮಾಡಿ ಏನು ಪ್ರಯೋಜನ? ಮೆಸೇಜುಗಳಿಗೆ ಉತ್ತರ ಬರಲಿಲ್ಲ. ಕ್ಯಾಂಟೀನಿಗೆ ಆತ ಬರಲಿಲ್ಲ.

"ಔಷಧಿ ಏನೂ ಇಲ್ವೇನೇ?" ಎಂದು ಅತ್ತಿಗೆ ಕೇಳಿದಾಗ ಮಾತ್ರ ಅವಳ ದುಃಖದ ಕಟ್ಟೆ ಒಡೆಯಿತು.

"ಇಲ್ಲ ಅತ್ತಿಗೆ. ಕಿವಿಗೆ ಮಷಿನ್ ಹಾಕಬಹುದು. ಕೇಳಿಸೋದನ್ನ ಜೋರು ಮಾಡುತ್ತೆ ಅಷ್ಟೇ. ಹೋದದ್ದನ್ನ ತಂದುಕೊಡಲ್ಲ. ನನ್ನ ಕೈಲಿ ಏನೂ ಆಗಲ್ಲ... ಏನೂ!"

ಅತ್ತಿಗೆ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಆ ದಿನ ತಮಾಷೆ ಮಾಡಲಿಲ್ಲ.

ಮೂರು ವಾರ ಕಳೆದ ಮರುದಿನ ಬೆಳಿಗ್ಗೆ ಬಾಗಿಲು ತೆರೆಯಿತು. ಆತ ಬಂದ. ಸೊರಗಿದ್ದ. ನಮಸ್ಕಾರ ಎನ್ನುವಂತೆ ತಲೆಯಾಡಿಸಿ ನೇರ ಒಳಗೆ ಹೋದ. ತಾನೇ ಕುರ್ಚಿಯನ್ನು ಎತ್ತಿ, ಗಾಜಿಗೆ ಪೂರ್ತಿ ಬೆನ್ನು ಹಾಕಿ ಇಟ್ಟುಕೊಂಡ.

"ಇಷ್ಟು ದಿನ ನಿಮ್ಮ ಮುಖ ನೋಡ್ತಾ ಸುಳ್ಳು ಹೇಳಿದೆ," ಎಂದ. "ಇವತ್ತು ನೋಡದೇ ನಿಜ ಹೇಳ್ತೀನಿ. ಶುರು ಮಾಡಿ."

ಅವಳು ಶುರು ಮಾಡಿದಳು. ಈ ಸಲ ತಲೆ ಎತ್ತಲಿಲ್ಲ. ಎತ್ತಿದರೂ ಕಣ್ಣೀರಿಗೆ ಏನೂ ಕಾಣುತ್ತಿರಲಿಲ್ಲ. ಗೆರೆ ಮೂರು ವಾರದ ಹಿಂದಿನಂತೆಯೇ ಇಳಿಯಿತು. ವಿಶ್ರಾಂತಿಗೆ ಒಂದು ಚೂರೂ ಏರಿರಲಿಲ್ಲ.

ಆತ ಹೊರಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಅವಳು ಗ್ರಾಫ್ ಮುಂದಿಟ್ಟಳು. ಆತ ಅದನ್ನು ನೋಡಲೇ ಇಲ್ಲ.

"ನನ್ನ ಎರಡನೇ ಟೆಸ್ಟಿನ ಕಾಗದ ಇದ್ಯಾ? ತೆಗೀರಿ."

"ಯಾಕೆ?"

"ತೆಗೀರಿ ಅಂದೆನಲ್ಲ. ಎಡಗಿವಿ ನೋಡಿ. ದಪ್ಪ ಸದ್ದು."

ಅವಳು ಫೈಲು ತೆಗೆದಳು. ದಪ್ಪ ಸದ್ದಿನ ಕಡೆ, ಅವಳದೇ ಕೈಬರಹದಲ್ಲಿ, ಮೂರು ಕಡೆ ಒಂದೇ ಮಾತಿತ್ತು. 'ಗಮನ ತಪ್ಪಿದೆ, ಮತ್ತೆ ಕೇಳಿಸಲಾಯಿತು.'

"ಅವು ನಂಗೆ ನಿಜವಾಗ್ಲೂ ಕೇಳೋ ಸದ್ದುಗಳು ಮೇಡಂ. ಕಳ್ಳಾಟದ ಅಗತ್ಯವೇ ಇರಲಿಲ್ಲ. ಸದ್ದು ಕೇಳ್ತು. ನೀವು ತಲೆ ಎತ್ತಿದ್ರಿ. ನಾನು ನೋಡ್ತಾ ಕೂತೆ... ಒತ್ತೋದೇ ಮರೆತುಹೋಯ್ತು! ಮೂರು ಸಲ! ಸಿಕ್ಕಿಬೀಳ್ತೀನಿ ಅಂತ ಭಯ ಆಗ್ಬೇಕಿತ್ತು. ಆಗ್ಲಿಲ್ಲ. ಅವತ್ತೇ ಗೊತ್ತಾಯ್ತು ನಂಗೆ."

ಅವಳು ಆ ಮೂರು ಗುರುತುಗಳ ಮೇಲೆ ಬೆರಳಾಡಿಸಿದಳು. ಒಂದೂವರೆ ವರ್ಷದಿಂದ ಕಪಾಟಿನಲ್ಲಿ ಬಿದ್ದಿದ್ದ ಕಾಗದ!

"ತಲೆ ಎತ್ತಬಾರದು ಅಂತ ನಂಗೂ ಗೊತ್ತಿತ್ತು," ಎಂದಳು. "ಆದ್ರೂ ಎತ್ತಿದೆ. ನಿಮ್ಮ ಮುಖ ನೋಡೋ ಆಸೆಗೆ ನಿಮ್ಮ ಕಿವೀನೇ ಹಾಳುಮಾಡಿದೆ. ಕ್ಷಮಿಸಿ ಅನ್ನೋಕೂ ನಂಗೆ ಮುಖ ಇಲ್ಲ."

"ಹಾಳುಮಾಡಿದ್ದು ಪ್ರೆಸ್ಸು. ಮುಚ್ಚಿಟ್ಟಿದ್ದು ನಾನು. ನಿಮಗೂ ಸ್ವಲ್ಪ ಪಾಲು ಬೇಕು ಅಂದ್ರೆ ತಗೊಳ್ಳಿ, ಬೇಡ ಅನ್ನಲ್ಲ." ಆತ ನಗಲು ನೋಡಿದ. "ಇನ್ನೂ ಹೋಗುತ್ತಾ?"

"ಗದ್ದಲದಿಂದ ದೂರ ಇದ್ರೆ ಇರೋದು ಬಹುಶಃ ಉಳಿಯುತ್ತೆ. ವಯಸ್ಸಾದ ಮೇಲೆ... ಹೇಳೋಕೆ ಆಗಲ್ಲ. ಹೋದದ್ದು ಬರಲ್ಲ."

ಆತ ತಲೆಯಾಡಿಸಿದ. ಮಾಡುವುದಕ್ಕೆ ಏನೂ ಇರಲಿಲ್ಲ. ಮೇಜಿನ ಮೇಲಿನ ಗೆರೆಯನ್ನು ಒಂದು ಕೂದಲೆಳೆಯಷ್ಟು ಮೇಲೆತ್ತುವುದು ಅವಳಿಂದಲೂ ಆಗದು, ಅವನಿಂದಲೂ ಆಗದು.

ಅವಳು ಕಾಗದದ ಮೇಲೆ ಕಣ್ಣಿಟ್ಟುಕೊಂಡೇ, ತೀರಾ ಮೆಲ್ಲಗೆ ಏನೋ ಹೇಳಿದಳು.

"ಹೂಂ," ಎಂದ ಆತ, ಅದೇ ಹಳೆಯ ನಗುವಿನೊಡನೆ.

ಅವಳು ತಲೆ ಎತ್ತಿದಳು. "ಏನಂದೆ ನಾನು?"

ನಗು ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಕರಗಿತು. ಆತನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಅಪ್ಪನ ಹಾಗೆ ಆಗಬಾರದು ಎಂದು ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಹೊರಗೆ ಬರಲು ತುಂಬಾ ಹೊತ್ತು ತೆಗೆದುಕೊಂಡಿತು.

"ನಂಗೆ... ಕೇಳಲಿಲ್ಲ."

ಅವಳು ಕಿರುಚಲಿಲ್ಲ. ಎದ್ದು ತನ್ನ ಕುರ್ಚಿಯನ್ನು ಆತನ ಹತ್ತಿರಕ್ಕೆ ಎಳೆದುಕೊಂಡಳು. ಕಿಟಕಿಯ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕೂತಳು. ಆತನ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಬಿಟ್ಟಿರೋಕೆ ನಂಗೆ ಆಗಲ್ಲ ಅಂದೆ."

ಆತನ ಕಣ್ಣು ತುಂಬಿ ಬಂತು.

"ಕೇಳಿಸ್ತಾ?"

"ಅರ್ಧ ಕೇಳಿಸ್ತು. ಇನ್ನರ್ಧ ನಿನ್ನ ಮುಖ ನೋಡಿ ಗೊತ್ತಾಯ್ತು."

"ಇನ್ನು ಎಷ್ಟು ಬೇಕೋ ಅಷ್ಟು ನೋಡು," ಎಂದಳು ಅವಳು. "ಟೆಸ್ಟ್ ಮುಗೀತಲ್ಲ."