ಒಲ್ಲೆನೆಂದ ದೊಡ್ಡಮ್ಮ

"ಆ ಬಾಚಣಿಗೆ ಸತ್ಯಭಾಮಾ ಕೈಗೆ ಕೊಡು ಪಂಕಜಾ. ಅವಳಿಗೂ ರೂಢಿಯಾಗ್ಬೇಕಲ್ಲ," ಎಂದರು ಸೀತಮ್ಮ.

ಕಿರಿಮಗಳು ಕಮಲಿಯ ಜಡೆಯನ್ನು ಅರ್ಧ ಹೆಣೆದಿದ್ದ ಪಂಕಜಾಳ ಕೈ ಅಲ್ಲೇ ನಿಂತುಬಿಟ್ಟಿತು. ಅತ್ತೆಯ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಕಿಟಕಿಯ ಬಳಿ ಭಾವ ಅನಂತರಾಮು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮರೆಮಾಡಿಕೊಂಡರು. ಗಂಡ ಜಯಸಿಂಹ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದ. ಬಾಗಿಲಿಗೊರಗಿ ನಿಂತಿದ್ದ ಓರಗಿತ್ತಿ ಸತ್ಯಭಾಮಾ ಮಾತ್ರ ಒಂದು ಹೆಜ್ಜೆ ಮುಂದೆ ಬಂದು, ಪಂಕಜಾಳ ಮುಖ ನೋಡಿ, ಹಾಗೆಯೇ ಹಿಂದೆ ಸರಿದಳು.

"ಏನು ರೂಢಿ ಅಜ್ಜಿ?" ಎಂದು ಕಮಲಿ ಕೇಳಿದಳು. ಪಂಕಜಾ ಮತ್ತೆ ಜಡೆ ಹೆಣೆಯತೊಡಗಿದಳು.

ತ್ಯಾಗರಾಜನಗರದ ಆ ಪುಟ್ಟ ಬಾಡಿಗೆ ಮನೆಯಲ್ಲಿ ಮಕ್ಕಳಿಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ವಿಷಯ ತಿಳಿದಿತ್ತು. ತಂದೆ ತೀರಿಕೊಂಡಾಗ ಅನಂತರಾಮು ತನ್ನ ಓದು ಬಿಟ್ಟು ದಾವಣಗೆರೆಯ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿ ತಮ್ಮನನ್ನು ಓದಿಸಿದ್ದರು. ಜಯಸಿಂಹ ಇಂದು ಬೆಂಗಳೂರಿನಲ್ಲಿ ಸರ್ಕಾರಿ ಗುಮಾಸ್ತನಾಗಿದ್ದರೆ ಅದು ಅಣ್ಣನ ಬೆವರಿನ ಫಲ. ಆ ಅಣ್ಣನಿಗೆ ಮಕ್ಕಳಾಗಲಿಲ್ಲ. ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಸೀತಮ್ಮ, "ಎರಡು ಹೆಣ್ಣಲ್ಲಿ ಒಂದು ಅಣ್ಣನ ಮನೇಲಿ ಬೆಳೀಲಿ," ಎಂದಿದ್ದರು. ಅಣ್ಣ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ, ತಮ್ಮನ ಕಡೆ ಒಮ್ಮೆ ನೋಡಿದ್ದರು, ಅಷ್ಟೇ. ಜಯಸಿಂಹ ಅಲ್ಲೇ ತಲೆಯಾಡಿಸಿ ಬಂದಿದ್ದ. ಹೆತ್ತವಳನ್ನು ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ... ನಾಳೆ ಬೆಳಗಿನ ಬಸ್ಸಿಗೆ ಕಮಲಿ ದೊಡ್ಡಪ್ಪ ದೊಡ್ಡಮ್ಮನ ಜೊತೆ ಹೊರಡುವುದೆಂದು ನಿಶ್ಚಯವಾಗಿತ್ತು. ರಜಕ್ಕೆ ಹೋಗಿಬರುತ್ತೀಯ ಎಂದು ಅವಳಿಗೆ ಹೇಳಿದ್ದರು.

ಹೊರಡುವ ಮೊದಲು ಮಗಳಿಗೆ ಒಂದು ದಿನದ ಸಂತೋಷವನ್ನಾದರೂ ಕೊಡಬೇಕೆಂದು ಜಯಸಿಂಹ ಆ ಭಾನುವಾರ ಎಲ್ಲರನ್ನೂ ಗೊಟ್ಟಿಗೆರೆಗೆ ಹೊರಡಿಸಿದ್ದ. ಅಲ್ಲಿ ಗಂಗಾಧರಯ್ಯ ಎಂಬ ನಿವೃತ್ತ ಎಂಜಿನಿಯರ್ ತಮ್ಮ ತೋಟದ ಶೆಡ್ಡುಗಳಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳನ್ನು ಕೂಡಿಟ್ಟು, ಮ್ಯೂಸಿಯಂ ಎಂದು ಬೋರ್ಡು ಹಾಕಿದ್ದರು. ಬೀದಿಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಜಾವಾ, ಬುಲೆಟ್ ಎಂದು ಹೇಳುವ ಹುಚ್ಚು ಕಮಲಿಗೆ ಅಪ್ಪನಿಂದಲೇ ಬಂದದ್ದು. ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವ ಅಪ್ಪ ಒಂದಲ್ಲ ಒಂದು ದಿನ ಮೋಟಾರ್ ಸೈಕಲ್ ಕೊಳ್ಳುತ್ತಾನೆಂದು ಅವಳು ನಂಬಿದ್ದಳು. ಸೀತಮ್ಮ, ಅನಂತರಾಮು ಮನೆಯಲ್ಲೇ ಉಳಿದರು. ಮಗು ಹೊಂದಿಕೊಳ್ಳಲೆಂದು ಸತ್ಯಭಾಮಾಳನ್ನು ಅತ್ತೆಯೇ ಜೊತೆಗೆ ಕಳಿಸಿದರು.

ಜಯನಗರದಿಂದ ಹೊರಟ ಬಸ್ಸು ಬನ್ನೇರುಘಟ್ಟ ರಸ್ತೆಗೆ ತಿರುಗಿತು. ಮನೆಗಳು ವಿರಳವಾಗಿ ರಾಗಿ ಹೊಲಗಳು ಶುರುವಾದರೂ ಪಂಕಜಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸತ್ಯಭಾಮಾ ಕಮಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಬ್ಬರಿ ಮಿಠಾಯಿ ಕೊಡುತ್ತಿದ್ದಳು. ಆ ಕೈ ಮಗಳ ಹೆಗಲ ಮೇಲೆ ಬಿದ್ದಾಗಲೆಲ್ಲ ಪಂಕಜಾಳ ಎದೆ ಉರಿಯಿತು. ಕಳ್ಳಿ... ನನ್ನ ಮಗುವನ್ನು ನನ್ನ ಕಣ್ಣೆದುರಿಗೇ ಒಲಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಳು.

ಶೆಡ್ಡಿನೊಳಗೆ ಹೆಂಚಿನ ಸಂದಿಯಿಂದ ಬಿಸಿಲಿಳಿದು ಗಾಡಿಗಳ ಟ್ಯಾಂಕುಗಳು ಹೊಳೆಯುತ್ತಿದ್ದವು. ಯುದ್ಧಕಾಲದ ನಾರ್ಟನ್, ಬಿ.ಎಸ್.ಎ., ಮೈಸೂರಿನಲ್ಲಿ ತಯಾರಾದ ಮೊದಮೊದಲ ಜಾವಾ... ಜಯಸಿಂಹ ಒಂದರಿಂದ ಇನ್ನೊಂದಕ್ಕೆ ಓಡಾಡುತ್ತ, ಬೇಕಿಲ್ಲದಷ್ಟು ಜೋರಾಗಿ ನಗುತ್ತ, ನಿಲ್ಲಿಸದೆ ಮಾತಾಡುತ್ತಿದ್ದ. ಎಲ್ಲೂ ಅರೆಗಳಿಗೆ ನಿಲ್ಲಲಿಲ್ಲ. ಹಿರಿಮಗಳು ಸರಸ್ವತಿಗೆ ಕಾಲು ನೋಯುತ್ತಿತ್ತು. ಬುತ್ತಿ ಬಿಚ್ಚೋಣವೆಂದರೂ ಕೇಳದೆ ಅವನು ಎಲ್ಲರನ್ನೂ ಮುಂದಿನ ಶೆಡ್ಡಿಗೆ ಎಳೆದುಕೊಂಡು ಹೋದ.

ಅಲ್ಲಿ ಪಕ್ಕಕ್ಕೆ ದೋಣಿಯಂಥ ತೊಟ್ಟಿಲು ಜೋಡಿಸಿದ್ದ ಒಂದು ದೊಡ್ಡ ಗಾಡಿ ಇತ್ತು. ಗಂಗಾಧರಯ್ಯ ಮಕ್ಕಳನ್ನು ಎತ್ತಿ ಅದರೊಳಗೆ ಕೂರಿಸಿದರು. ಕಮಲಿ ಆಸೆಯಿಂದ ಅಪ್ಪನಿಗೆ ಹೇಳಿದಳು: "ಅಪ್ಪಾ, ನಾವು ಇಂಥದ್ದೇ ತಗೊಳೋಣ. ನೀನು ಓಡ್ಸು, ಅಮ್ಮ ಹಿಂದೆ ಕೂತ್ಕೊಳ್ಲಿ, ನಾನೂ ಅಕ್ಕ ಇಲ್ಲಿ. ನಾಲ್ಕೂ ಜನಕ್ಕೆ ಸರಿಹೋಗುತ್ತೆ."

ಜಯಸಿಂಹನ ನಗು ನಿಂತುಹೋಯಿತು. ಅವನು ತಿರುಗಿ ಸರಸರನೆ ಹೊರಗೆ ನಡೆದ. ಪಂಕಜಾ ಹಿಂದೆಯೇ ಹೋದಳು. ಶೆಡ್ಡಿನ ಹಿಂದಿನ ಹುಣಸೆಮರದ ಕೆಳಗೆ, ಮದುವೆಯಾದಂದಿನಿಂದ ಏರಿಸದಿದ್ದ ದನಿಯನ್ನು ಅವಳು ಏರಿಸಿದಳು. ಅಣ್ಣನ ಋಣ ನಿಮ್ಮದು, ಅದನ್ನು ನನ್ನ ಹೊಟ್ಟೆಯ ಕೂಸಿನಿಂದ ಯಾಕೆ ತೀರಿಸುತ್ತೀರಿ, ಒಂದು ಮಾತು ನನ್ನನ್ನು ಕೇಳಿದಿರಾ ಎಂದು ಬಿಕ್ಕಿದಳು. ಕೊಟ್ಟ ಮಾತನ್ನು ಹೇಗೆ ಹಿಂತೆಗೆಯಲಿ, ಅಣ್ಣನಿಗೆ ಯಾವ ಮುಖ ತೋರಿಸಲಿ ಎಂದು ಅವನೂ ಅತ್ತ. "ನಾಳೆ ಅವಳನ್ನ ಕಳಿಸಿದ ಮೇಲೆ ನಾನು ಬದುಕಿದ್ರೂ ಒಂದೇ, ಇಲ್ಲದಿದ್ರೂ ಒಂದೇ ರೀ..." ಎಂದಳು ಪಂಕಜಾ.

ಇಬ್ಬರೂ ಕಣ್ಣೊರೆಸಿಕೊಂಡು ಒಳಗೆ ಬಂದಾಗ ಸರಸ್ವತಿ ಒಬ್ಬಳೇ ನಿಂತಿದ್ದಳು. ಅಮ್ಮ ಯಾಕೆ ಅಳುತ್ತಿದ್ದಾಳೆಂದು ನೋಡಲು ಕಮಲಿ ಹಿಂದೆಯೇ ಹೋಗಿದ್ದಳಂತೆ! ಅವಳು ಬರದಿದ್ದಾಗ ದೊಡ್ಡಮ್ಮನೂ ಹುಡುಕಲು ಹೋಗಿದ್ದರಂತೆ.

ಆಮೇಲೆ ತೋಟವಿಡೀ ಹುಡುಕಾಟ. ಪಂಕಜಾ ಮಗಳ ಹೆಸರು ಕೂಗುತ್ತ ಬಾವಿಯ ಕಡೆ ಓಡಿದಳು. ಜಯಸಿಂಹ ರಸ್ತೆಗೆ ಓಡಿದ. ಕೊನೆಗೆ ಮೂಲೆಯ ಶೆಡ್ಡಿನಲ್ಲಿ, ಬಿಚ್ಚಿ ಹಾಕಿದ್ದ ಒಂದು ಗಾಡಿಯ ಮೇಲೆ ಹೊದಿಸಿದ್ದ ಟಾರ್ಪಾಲಿನ ಅಡಿಯಲ್ಲಿ ಅವಳನ್ನು ಕಂಡವಳು ಸತ್ಯಭಾಮಾ. ಕೈ ಚಾಚಿದಾಗ ಮಗು ಗೋಡೆಗೆ ಅಂಟಿಕೊಂಡಿತು. ಅಷ್ಟರಲ್ಲಿ ಉಳಿದವರೂ ಬಂದರು.

"ನಾನೇನು ತಪ್ಪು ಮಾಡ್ದೆ ಅಪ್ಪಾ?" ಎಂದಳು ಕಮಲಿ. "ಗಾಡಿ ಬೇಡ. ಇನ್ನು ಯಾವತ್ತೂ ಕೇಳಲ್ಲ."

ಮರದಡಿಯ ಮಾತು ಶೆಡ್ಡಿನೊಳಗೂ ಕೇಳಿಸಿದ್ದರಿಂದ ಸರಸ್ವತಿಗೆ ಎಲ್ಲವೂ ಅರ್ಥವಾಗಿತ್ತು. ಅವಳು ದೊಡ್ಡಮ್ಮನ ಸೆರಗು ಹಿಡಿದು ಮೆಲ್ಲನೆ ಹೇಳಿದಳು: "ದೊಡ್ಡಮ್ಮ, ನಾನು ಬರ್ತೀನಿ. ನನಗೆ ಅಡುಗೇನೂ ಸ್ವಲ್ಪ ಬರುತ್ತೆ. ಅವಳು ಅಮ್ಮನ್ನ ಬಿಟ್ಟು ಮಲಗಲ್ಲ."

ಸತ್ಯಭಾಮಾ ಆ ಹುಡುಗಿಯ ಕೈಯನ್ನು ಸೆರಗಿನಿಂದ ಬಿಡಿಸಿ, ಅದನ್ನು ತನ್ನ ಕೆನ್ನೆಗೆ ಒಮ್ಮೆ ಒತ್ತಿಕೊಂಡಳು. ಮರಳಿ ಬರುವ ಬಸ್ಸಿನಲ್ಲಿ ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಿದ್ದಳು.

ಮನೆ ಸೇರಿದ್ದೇ ತಡ, ಚಪ್ಪಲಿ ಬಿಡುತ್ತಲೇ ಅವಳು ಅತ್ತೆಗೆ ಕೇಳುವಂತೆ ಹೇಳಿದಳು:

"ನನಗೆ ಈ ಮಗು ಬೇಡ ಅತ್ತೆ. ತುಂಬಾ ಹಟಮಾರಿ. ಸಾಕೋಕೆ ನನ್ನ ಕೈಲಾಗಲ್ಲ."

ಸೀತಮ್ಮನ ನಾಲಿಗೆ ಹರಿಯಿತು. ಹೆರಲಿಲ್ಲ, ಕೊಟ್ಟ ಮಗುವನ್ನೂ ಒಲ್ಲೆ ಎನ್ನುತ್ತಾಳೆ, ಕಲ್ಲೆದೆಯವಳು, ನನ್ನ ಮಗನ ಬಾಳು ಬರಡು ಮಾಡಿದವಳು... ಹಿರಿಯ ಸೊಸೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಅನಂತರಾಮು ಎದ್ದು ಹೆಂಡತಿಯ ಮುಖವನ್ನೊಮ್ಮೆ ದಿಟ್ಟಿಸಿದರು. ಆ ಮುಖದಲ್ಲಿ ಏನು ಕಂಡರೋ, ಒಂದು ಪ್ರಶ್ನೆಯನ್ನೂ ಕೇಳದೆ ತಮ್ಮನ ಬೆನ್ನು ತಟ್ಟಿ, ಮಗು ನಿಮ್ಮಲ್ಲೇ ಇರಲಿ ಎಂದು ಹೇಳಿ ಹೊರಗೆ ಹೋದರು.

ಪಂಕಜಾ ಅಡುಗೆಮನೆಯಲ್ಲಿ ಓರಗಿತ್ತಿಯ ಕೈ ಹಿಡಿದುಕೊಂಡಳು. ಯಾಕೆ ಹೀಗೆ ಹೇಳಿದಿರಿ, ಅತ್ತೆಗೆ ನಿಜ ಹೇಳಿಬಿಡುತ್ತೇನೆ ಎಂದಳು.

ಸತ್ಯಭಾಮಾ ದನಿ ತಗ್ಗಿಸಿದಳು. "ಜಯಸಿಂಹ ಆಗಲ್ಲ ಅಂದ್ರೆ ಅಣ್ಣ ತಮ್ಮ ದೂರ ಆಗ್ತಾರೆ. ನೀನಂದ್ರೆ ಅತ್ತೆ ಈ ಮನೇಲಿ ನಿನ್ನ ನೆಮ್ಮದಿಯಾಗಿ ಇರಗೊಡಲ್ಲ. ನಾನಂದ್ರೆ ಏನಾಗುತ್ತೆ ಹೇಳು? ಅನ್ನಿಸ್ಕೊಂಡು ಅಭ್ಯಾಸ ಇದೆ ನನಗೆ."

"ಮಗು ಕೇಳಿಸ್ಕೊಂಡಳಲ್ಲಕ್ಕಾ... ನಿಮ್ಮನ್ನ ದ್ವೇಷಿಸ್ತಾಳೆ."

"ದ್ವೇಷಿಸ್ಲಿ. ಅಪ್ಪ ಅಮ್ಮ ತನ್ನನ್ನ ಕೊಡೋಕೆ ಹೊರಟಿದ್ರು ಅನ್ನೋದನ್ನ ಮರೀಬೇಕು ಅವಳು. ನನ್ನ ಮೇಲೆ ಸಿಟ್ಟಿದ್ರೆ ಬೇಗ ಮರೀತಾಳೆ." ಅಷ್ಟು ಹೇಳಿ ಅವಳು ಒಲೆಯ ಕಡೆ ತಿರುಗಿದಳು. ಬಸ್ಸಿನಲ್ಲಿ ಮಗಳ ಹೆಗಲ ಮೇಲಿದ್ದ ಆ ಕೈ ಈಗ ಉಳಿದ ಕೊಬ್ಬರಿ ಮಿಠಾಯಿಯನ್ನು ಅವಳಿಗೆಂದು ಡಬ್ಬಿಗೆ ತುಂಬುತ್ತಿತ್ತು.

ಮರುದಿನ ಬೆಳಿಗ್ಗೆ ಆಟೋ ಬಂದು ನಿಂತಾಗ ಪಂಕಜಾ ಮಗಳಿಗೆ ದೊಡ್ಡಮ್ಮನ ಕಾಲಿಗೆ ನಮಸ್ಕಾರ ಮಾಡೆಂದಳು. ಕಮಲಿ ಬಾಗಿಲ ಹಿಂದಿನಿಂದ ಕದಲಲಿಲ್ಲ. "ಮಾಡಲ್ಲ. ನಾನು ಬೇಡ ಅಂದ್ರಲ್ಲ ಅವರು."

ಸತ್ಯಭಾಮಾಳಿಗೆ ಅದು ಕೇಳಿಸಿತು. ಇರಲಿ ಬಿಡು ಎಂಬಂತೆ ಪಂಕಜಾಳಿಗೆ ತಲೆಯಾಡಿಸಿ, ಸೆರಗು ಹೊದ್ದು ಗಂಡನ ಹಿಂದೆ ಆಟೋ ಹತ್ತಿದಳು. ತಿರುಗಿ ನೋಡಲಿಲ್ಲ.

ಆಟೋ ತಿರುವು ದಾಟಿದ ಮೇಲೂ ಪಂಕಜಾ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಕಮಲಿ ಬಂದು ಅವಳ ಸೊಂಟ ತಬ್ಬಿ, ಮುಖ ಮೇಲೆತ್ತಿ ಕೇಳಿದಳು: "ಅವರು ಹೋದ್ರಲ್ಲ ಅಮ್ಮ, ಮತ್ಯಾಕೆ ಅಳ್ತೀಯ?"

ಪಂಕಜಾ ಮಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.